ಗೃಹಸ್ಥನ ಮಿತವ್ಯಯವೂ ಸಂಸ್ಥಾನದ ಋಣವೂ: ಮೈಸೂರಿನ ಹಣಕಾಸಿನ ಚರಿತ್ರೆಯಿಂದ ಒಂದು ವಿವೇಚನೆ

1. ವಿಷಯ ಪ್ರವೇಶ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ನಮ್ಮ ನಾಡಿನ ಮನೆಮನೆಗಳಲ್ಲಿ ಕೇಳಿಬರುವ ಮಾತು. ಸಾಲ ತರುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಕುರಿತ ಸರ್ವಜ್ಞನ ತ್ರಿಪದಿಯನ್ನು ಅಕ್ಷರ ಅರಿಯದವರೂ ಬಲ್ಲರು. ಗೃಹಸ್ಥನಿಗೆ ಹೇಳಿದ ಈ ನೀತಿಯನ್ನೇ ಸರ್ಕಾರಕ್ಕೂ ಹೇಳಬಹುದೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ವಿದ್ಯಾರ್ಥಿಗಳು ನಮ್ಮನ್ನು ಪದೇ ಪದೇ ಕೇಳುತ್ತಾರೆ. ಪ್ರತಿವರ್ಷ ಆಯವ್ಯಯ ಪತ್ರ ಮಂಡಿತವಾದಾಗಲೂ ಈ ಪ್ರಶ್ನೆ ಹೊಸದಾಗಿ ಏಳುತ್ತದೆ. ಸಾಲವಿಲ್ಲದ ಸರ್ಕಾರವೇ ಒಳ್ಳೆಯ ಸರ್ಕಾರವೆಂದು ಕೆಲವರು ವಾದಿಸುತ್ತಾರೆ. ಸರ್ಕಾರವು ಸಂಸಾರವಲ್ಲ, ಆದುದರಿಂದ ಮನೆಯ ಲೆಕ್ಕ ಅದಕ್ಕೆ ಅನ್ವಯಿಸದೆಂದು ಮತ್ತೆ ಕೆಲವರು ವಾದಿಸುತ್ತಾರೆ. ಈ ಎರಡು ವಾದಗಳನ್ನೂ ಕೇವಲ ತರ್ಕದಿಂದ ನಿರ್ಣಯಿಸುವುದಕ್ಕಿಂತ ಚರಿತ್ರೆಯ ಒಂದು ನಿಜವಾದ ನಿದರ್ಶನದ ಮೇಲೆ ಇಟ್ಟು ಪರೀಕ್ಷಿಸುವುದು ಇತಿಹಾಸದ ವಿದ್ಯಾರ್ಥಿಗಳಿಗೆ ಉಚಿತವಾದ ಮಾರ್ಗವೆಂದು ನಾವು ಭಾವಿಸಿದ್ದೇವೆ. ಅಂತಹ ನಿದರ್ಶನ ನಮಗೆ ದೂರದಲ್ಲಿಲ್ಲ. 1799ರಿಂದ 1930ರ ದಶಕದವರೆಗಿನ ಮೈಸೂರು ಸಂಸ್ಥಾನದ ಹಣಕಾಸಿನ ಚರಿತ್ರೆಯಲ್ಲಿ ಕೂಡಿಟ್ಟ ನಿಧಿ, ಮಿತಿಮೀರಿದ ವ್ಯಯ, ಅನಿವಾರ್ಯವಾದ ಸಾಲ, ಉತ್ಪಾದಕವಾದ ಸಾಲ ಇವೆಲ್ಲವೂ ಒಂದರ ನಂತರ ಒಂದು ಕಾಣಬರುತ್ತವೆ.

ಮೊದಲು ಮನೆಯ ಮಿತವ್ಯಯವೆಂದರೆ ಏನೆಂಬುದನ್ನು ಸ್ಪಷ್ಟಮಾಡಿಕೊಳ್ಳಬೇಕು. ಅದು ಖರ್ಚು ಮಾಡದಿರುವುದು ಎಂಬಷ್ಟು ಸರಳವಾದುದಲ್ಲ. ರಾಗಿ ಬೆಳೆಯುವ ಸೀಮೆಗಳಲ್ಲಿ ರೈತನು ನೆಲದಲ್ಲಿ ಹಗೇವು ತೋಡಿ ಅದರಲ್ಲಿ ಧಾನ್ಯವನ್ನು ತುಂಬಿಡುತ್ತಿದ್ದನು. ಹುಳು ಹಿಡಿಯದ ರಾಗಿ ಅಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗುವವರೆಗೆ ಕಾಯುತ್ತಿದ್ದರು. ಹಗೇವನ್ನು ತೆರೆಯುವುದು ಸಾಮಾನ್ಯ ದಿನದ ಕೆಲಸವಾಗಿರಲಿಲ್ಲ. ಮಳೆ ಕೈಕೊಟ್ಟ ವರ್ಷದ ಕೆಲಸವಾಗಿತ್ತು. ಮನೆಯ ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟ ಕಾಸು ಕೂಡ ಇದೇ ಬಗೆಯ ನಿಧಿ. ಇಂತಹ ಸಂಸಾರದ ನಡವಳಿಕೆಯಿಂದ ನಾವು ಮೂರು ನಿಯಮಗಳನ್ನು ಗ್ರಹಿಸಬಹುದು. ಬಿತ್ತನೆಯ ಬೀಜವನ್ನು ತಿನ್ನಬಾರದು ಎಂಬುದು ಮೊದಲನೆಯದು. ಎತ್ತು ಕೊಳ್ಳಲು ಮಾಡಿದ ಸಾಲ ಬೇರೆ, ಮದುವೆಯ ಆಡಂಬರಕ್ಕೆ ಮಾಡಿದ ಸಾಲ ಬೇರೆ ಎಂಬುದು ಎರಡನೆಯದು. ಸಾಲವೆಷ್ಟಿದೆ ಎಂಬುದು ಅದನ್ನು ತೀರಿಸಬೇಕಾದ ಮಕ್ಕಳಿಗೆ ತಿಳಿದಿರಬೇಕು ಎಂಬುದು ಮೂರನೆಯದು. ಈ ಮೂರು ನಿಯಮಗಳನ್ನು ಒರೆಗಲ್ಲಾಗಿ ಇಟ್ಟುಕೊಂಡು ಸಂಸ್ಥಾನದ ಲೆಕ್ಕವನ್ನು ನೋಡೋಣ.

2. ಪೂರ್ಣಯ್ಯನವರ ನಿಧಿ ಮತ್ತು ಅದರ ಅವಸಾನ

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಅದೇ ವರ್ಷದ ಒಪ್ಪಂದದಂತೆ ಸಂಸ್ಥಾನವು ಈಸ್ಟ್ ಇಂಡಿಯಾ ಕಂಪೆನಿಗೆ ಪ್ರತಿವರ್ಷ 7 ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ 24½ ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಸಲ್ಲಿಸಬೇಕಾಗಿತ್ತು. ಈ ಪೊಗದಿಗೆ ಧಕ್ಕೆ ಬರುವ ಸಂಭವವಿದ್ದರೆ ಕಂಪೆನಿಯು ಸಂಸ್ಥಾನದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದೆಂಬ ಷರತ್ತೂ ಆ ಒಪ್ಪಂದದಲ್ಲಿದ್ದಿತು. ಈ ಷರತ್ತನ್ನು ಓದುಗರು ನೆನಪಿನಲ್ಲಿಡಬೇಕು. ಮನೆ ಕಟ್ಟಿದ ದಿನವೇ ಬೀಗದ ಕೈಯ ಒಂದು ಪ್ರತಿ ಸಾಲಿಗನ ಬಳಿ ಸೇರಿದಂತೆ ಇದಾಗಿತ್ತು.

ದಿವಾನ ಪೂರ್ಣಯ್ಯನವರು 1799ರಿಂದ 1811ರವರೆಗೆ ಆಡಳಿತ ನಡೆಸಿದರು. ಹಿಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಹಣಕಾಸಿನ ವ್ಯವಹಾರದಲ್ಲಿ ಪಳಗಿದ್ದ ಅವರು ಪೊಗದಿಯನ್ನು ಕ್ರಮವಾಗಿ ಸಲ್ಲಿಸಿ, ಯುದ್ಧದಿಂದ ಜರ್ಝರಿತವಾಗಿದ್ದ ನಾಡನ್ನು ವ್ಯವಸ್ಥೆಗೆ ತಂದು, ಬೊಕ್ಕಸದಲ್ಲಿ ದೊಡ್ಡ ನಿಧಿಯನ್ನು ಶೇಖರಿಸಿದರು. ಆ ನಿಧಿ ಎರಡು ಕೋಟಿ ರೂಪಾಯಿಗಳನ್ನು ಮೀರಿತ್ತೆಂಬ ಗಣನೆಯನ್ನು ಬಿ. ಎಲ್. ರೈಸ್ ಅವರು ತಮ್ಮ ಗೆಜೆಟಿಯರಿನಲ್ಲಿ ಕೊಟ್ಟಿದ್ದಾರೆ. ಪೊಗದಿಯ ಎಂಟು ವರ್ಷಗಳ ಮೊತ್ತಕ್ಕೆ ಸಮನಾದ ಈ ಹಣವು ಮಿತವ್ಯಯದ ಅದ್ಭುತವಾದ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರಜೆಗಳಿಂದ ಸಂಗ್ರಹವಾಗಿ ಬೊಕ್ಕಸದಲ್ಲಿ ನಿಂತ ಹಣವು ಅಷ್ಟರಮಟ್ಟಿಗೆ ಪ್ರಜೆಗಳ ಕೈಬಿಟ್ಟ ಹಣವೂ ಹೌದು. ಶ್ರೀರಂಗಪಟ್ಟಣದ ಬಳಿ 1804ರಲ್ಲಿ ಮುಗಿದ ಕಾವೇರಿಯ ಸೇತುವೆಯಂತಹ ಕಾಮಗಾರಿಗಳು ನಡೆದುವಾದರೂ, ಕೂಡಿಟ್ಟುದು ಕಟ್ಟಿದುದಕ್ಕಿಂತ ಬಹಳ ಹೆಚ್ಚಾಗಿತ್ತು. ಈ ನಿಧಿಯ ಮುಖ್ಯವಾದ ದೌರ್ಬಲ್ಯ ಬೇರೊಂದು ಇದ್ದಿತು. ಅದು ಒಬ್ಬ ಸಮರ್ಥ ವ್ಯಕ್ತಿಯ ಸ್ವಭಾವದ ಮೇಲೆ ನಿಂತಿತ್ತೇ ಹೊರತು ಒಂದು ಪದ್ಧತಿಯ ಮೇಲೆ ನಿಂತಿರಲಿಲ್ಲ. ಅದನ್ನು ಯಾವ ಕಾರ್ಯಕ್ಕೆ, ಯಾರ ಅನುಮತಿಯಿಂದ ತೆಗೆಯಬೇಕೆಂಬ ಕಟ್ಟಳೆ ಇರಲಿಲ್ಲ.

ಅದರ ಪರಿಣಾಮ ಬೇಗನೆ ಕಂಡುಬಂದಿತು. ಸಾಹಿತ್ಯ, ಸಂಗೀತ, ದಾನಧರ್ಮಗಳಲ್ಲಿ ಮುಮ್ಮಡಿಯವರು ತೋರಿದ ಔದಾರ್ಯವನ್ನು ಕನ್ನಡ ನಾಡು ಮರೆಯುವಂತಿಲ್ಲ. ಅವರ ಆಸ್ಥಾನದ ಆಶ್ರಯವಿಲ್ಲದಿದ್ದರೆ ಆ ಶತಮಾನದ ನಮ್ಮ ಸಂಸ್ಕೃತಿ ಬಡವಾಗುತ್ತಿತ್ತು. ಆದರೆ ಆದಾಯವನ್ನು ಮೀರಿದ ವ್ಯಯದಿಂದ ನಿಧಿಯು ಕರಗಿತು. ಸಾಹುಕಾರರಿಂದ ಸಾಲಗಳು ಬೆಳೆದುವು. ಸೈನಿಕರ ಮತ್ತು ನೌಕರರ ಸಂಬಳಗಳು ಬಾಕಿ ನಿಂತುವು. ಕಂದಾಯದ ಖೋತಾವನ್ನು ತುಂಬಿಕೊಳ್ಳಲು ಷರತ್ತಿನ ಪದ್ಧತಿಯು ಜಾರಿಗೆ ಬಂದಿತು. ಇದರಂತೆ ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಸರ್ಕಾರಕ್ಕೆ ಸೇರಿಸುವುದಾಗಿ ಮುಂಚಿತವಾಗಿ ಒಪ್ಪಿಕೊಳ್ಳುತ್ತಿದ್ದನು. ಕಡಿಮೆಯಾದುದನ್ನು ಹೇಗೆ ತುಂಬುವನೆಂಬುದನ್ನು ಸರ್ಕಾರ ವಿಚಾರಿಸುತ್ತಿರಲಿಲ್ಲ. ಬೊಕ್ಕಸದ ಪುಸ್ತಕದಲ್ಲಿ ಆದಾಯ ಸರಿಯಾಗಿಯೇ ಕಾಣುತ್ತಿತ್ತು. ಆದರೆ ನಿಜವಾದ ಸಾಲವು ಅರಮನೆಯ ಲೆಕ್ಕದಿಂದ ರೈತನ ಲೆಕ್ಕಕ್ಕೆ ವರ್ಗವಾಗಿತ್ತು. 1830-31ರಲ್ಲಿ ನಗರ ಸೀಮೆಯಲ್ಲಿ ರೈತರು ದಂಗೆಯೆದ್ದುದಕ್ಕೆ ಇದೂ ಒಂದು ಪ್ರಬಲವಾದ ಕಾರಣ. ಲಾರ್ಡ್ ವಿಲಿಯಂ ಬೆಂಟಿಂಕನು 1799ರ ಒಪ್ಪಂದದ ಆ ಷರತ್ತನ್ನೇ ಆಧಾರ ಮಾಡಿಕೊಂಡು 1831ರಲ್ಲಿ ಆಡಳಿತವನ್ನು ಮಹಾರಾಜರ ಕೈಯಿಂದ ತೆಗೆದನು. ಅದು ಹಿಂದಿರುಗಿದುದು 50 ವರ್ಷಗಳ ಅನಂತರ. ಬೆಂಟಿಂಕನ ನಿರ್ಣಯವು ನ್ಯಾಯವಾದುದೇ ಎಂಬ ವಿಷಯದಲ್ಲಿ ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಹಣಕಾಸಿನ ದೌರ್ಬಲ್ಯವೇ ಅವನಿಗೆ ನೆಪವನ್ನು ಒದಗಿಸಿತೆಂಬುದು ನಿರ್ವಿವಾದ. ಸಂಸಾರವು ದಿವಾಳಿಯಾದರೆ ಮನೆ ಹೋಗುತ್ತದೆ. ಸಂಸ್ಥಾನವು ಸಾಲದಲ್ಲಿ ಮುಳುಗಿದರೆ ಸ್ವಾತಂತ್ರ್ಯ ಹೋಗುತ್ತದೆ. ಇಲ್ಲಿಯವರೆಗೆ ಗೃಹಸ್ಥನ ನೀತಿ ಸಂಸ್ಥಾನಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

3. ಧಾತು ಈಶ್ವರ ಕ್ಷಾಮ

ಕಮಿಷನರುಗಳ ಆಡಳಿತಕಾಲದಲ್ಲಿ, ವಿಶೇಷವಾಗಿ 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ, ಹಳೆಯ ಸಾಲಗಳು ತೀರಿದುವು; ನೂರಾರು ಬಗೆಯ ಸಣ್ಣ ಪುಟ್ಟ ತೆರಿಗೆಗಳು ರದ್ದಾದುವು; ರಸ್ತೆಗಳು ಬೆಳೆದುವು. ಮುಂದಿನ ವರ್ಷಗಳಲ್ಲಿ ಮತ್ತೆ ಉಳಿತಾಯವಾಗಿ 63 ಲಕ್ಷ ರೂಪಾಯಿಗಳ ನಿಧಿಯು ಸಂಸ್ಥಾನದ ಲೆಕ್ಕದಲ್ಲಿ ಕೂಡಿತು. ಇದೇ ವೇಳೆಯಲ್ಲಿ ಸಿ. ರಂಗಾಚಾರ್ಲು ಅವರು 1874ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಪುಸ್ತಿಕೆಯಲ್ಲಿ, ಮೈಸೂರಿನಲ್ಲಿ ಬ್ರಿಟಿಷ್ ಆಡಳಿತವು ನಾಡಿನ ಶಕ್ತಿಗೆ ಮೀರಿ ದುಬಾರಿಯಾಗುತ್ತಿದೆಯೆಂದು ಟೀಕಿಸಿದ್ದರು. ಉಳಿತಾಯವಿದ್ದ ಕಾಲದಲ್ಲಿಯೇ ಆಡಳಿತದ ವೆಚ್ಚವನ್ನು ಪ್ರಶ್ನಿಸಿದ ಈ ಪುಸ್ತಿಕೆ ದೂರದೃಷ್ಟಿಯದಾಗಿತ್ತೆಂಬುದು ಎರಡೇ ವರ್ಷಗಳಲ್ಲಿ ಸಿದ್ಧವಾಯಿತು.

1875ರಲ್ಲಿ ಮಳೆ ಸಾಲದಾಯಿತು. 1876ರಲ್ಲಿ ಅದು ಪೂರ್ಣವಾಗಿ ಕೈಬಿಟ್ಟಿತು. ಜನರ ಬಾಯಲ್ಲಿ ಇಂದಿಗೂ ಧಾತು ಈಶ್ವರದ ಬರವೆಂದು ಹೆಸರಾಗಿರುವ ಮಹಾಕ್ಷಾಮವು ಪ್ರಾರಂಭವಾಯಿತು. ಮೊದಲ ವರ್ಷದಲ್ಲಿ ಹಗೇವುಗಳು ಜನರನ್ನು ಕಾಪಾಡಿದುವು. ಎರಡನೆಯ ವರ್ಷದಲ್ಲಿ ಅವು ಬರಿದಾದುವು. ಆಗ ಜನರು ದನಕರುಗಳನ್ನೂ ಪಾತ್ರೆಪದಾರ್ಥಗಳನ್ನೂ ಮಾರಿದರು. ಕೊನೆಗೆ ಮನೆಯನ್ನೇ ಬಿಟ್ಟು ಹೊರಟರು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರನ್ನೂ ಗಣನೆಗೆ ತಂದರೆ ನಷ್ಟವು ಈ ಅಂತರಕ್ಕಿಂತ ಇನ್ನೂ ಹೆಚ್ಚು. ಸರ್ಕಾರದ ಹಗೇವೂ ಅದೇ ಕಾಲದಲ್ಲಿ ಬರಿದಾಯಿತು. 63 ಲಕ್ಷದ ನಿಧಿಯು ಮಾಯವಾಗಿ, ಅದರ ಸ್ಥಾನದಲ್ಲಿ ಭಾರತ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿಗಳ ಸಾಲವು ನಿಂತಿತು.

ಇಲ್ಲಿ ನಾವು ನಿಂತು ಆಲೋಚಿಸಬೇಕು. ಗೃಹಸ್ಥನ ನೀತಿಯು ಸಂಸ್ಥಾನಕ್ಕೆ ಒಪ್ಪದಿರುವ ಸ್ಥಳ ಇದೇ. ಒಂದು ಮನೆಯಲ್ಲಿ ಕಷ್ಟ ಬಂದಾಗ ಯಜಮಾನನು ಖರ್ಚನ್ನು ಹಿಡಿಯುತ್ತಾನೆ, ಒಂದು ಜೊತೆ ಎತ್ತನ್ನು ಮಾರುತ್ತಾನೆ. ನೆರೆಯೂರಿನಲ್ಲಿ ಕೊಳ್ಳುವವರು ಇರುವುದರಿಂದ ಅವನಿಗೆ ಬೆಲೆ ದೊರೆಯುತ್ತದೆ. ಆದರೆ ಎಲ್ಲ ಮನೆಗಳೂ ಒಟ್ಟಿಗೆ ಖರ್ಚನ್ನು ಹಿಡಿದರೆ ನೇಕಾರನ ಬಟ್ಟೆಯನ್ನು ಕೇಳುವವರಿಲ್ಲ, ಕೂಲಿಗಾರನನ್ನು ಕರೆಯುವವರಿಲ್ಲ. ಎಲ್ಲರೂ ಒಟ್ಟಿಗೆ ಎತ್ತು ಮಾರಲು ಹೊರಟರೆ ಎತ್ತಿಗೆ ಬೆಲೆಯೇ ಇಲ್ಲ. ಒಬ್ಬನ ವ್ಯಯವೇ ಇನ್ನೊಬ್ಬನ ಆದಾಯವಾಗಿರುವ ಸಮಾಜದಲ್ಲಿ, ಒಬ್ಬೊಬ್ಬರಿಗೂ ವಿವೇಕವಾದ ನಡತೆಯು ಎಲ್ಲರಿಗೂ ಕೂಡಿ ವಿನಾಶಕರವಾಗಬಹುದು. ಅಂತಹ ಸಮಯದಲ್ಲಿ ಕೈಬಿಚ್ಚಬಲ್ಲವನು ಸರ್ಕಾರ ಒಬ್ಬನೇ. ಅವನೂ ಕೈಮುಚ್ಚಿದರೆ ಮುಂದೆ ದಾರಿಯಿಲ್ಲ.

ಆದರೆ ಆ ಕಾಲದ ಭಾರತ ಸರ್ಕಾರದ ದೃಷ್ಟಿಯು ಗೃಹಸ್ಥನ ದೃಷ್ಟಿಯಾಗಿಯೇ ಇದ್ದಿತು. ಲಾರ್ಡ್ ಲಿಟ್ಟನ್ನನ ಸರ್ಕಾರವು 1877ರ ಪ್ರಾರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರನ್ನು ಕ್ಷಾಮಪೀಡಿತ ಪ್ರದೇಶಗಳಿಗೆ ಕಳುಹಿಸಿದಾಗ ಪರಿಹಾರದ ವೆಚ್ಚವನ್ನು ಹಿಡಿತಕ್ಕೆ ತರುವುದು ಅವರಿಗೆ ವಹಿಸಿದ ಮುಖ್ಯ ಕಾರ್ಯಗಳಲ್ಲಿ ಒಂದಾಗಿತ್ತು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಹಣವೆಂದು ಅವರು ಗೊತ್ತುಮಾಡಿದ ಕೂಲಿಯು ಟೆಂಪಲ್ ಕೂಲಿಯೆಂದೇ ಕುಪ್ರಸಿದ್ಧವಾಯಿತು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅವರು ದುಡಿಯುವ ದೇಹಕ್ಕೆ ಇದು ಸಾಲದೆಂದು ಪ್ರತಿಭಟಿಸಿದರು. ಅದೇ ವರ್ಷದಲ್ಲಿ ಮದರಾಸು ಸರ್ಕಾರವು ಆ ಪ್ರಮಾಣವನ್ನು ಹೆಚ್ಚಿಸಿತು. ಈ ವಿವಾದವನ್ನು ಓದಿದವರಿಗೆ, ಮಿತವ್ಯಯವೆಂಬ ಸದ್ಗುಣವು ಅಕಾಲದಲ್ಲಿ ಪ್ರಯೋಗವಾದರೆ ಎಂತಹ ಕ್ರೌರ್ಯವಾಗಬಲ್ಲುದೆಂಬುದು ಮನದಟ್ಟಾಗುತ್ತದೆ. 80 ಲಕ್ಷದ ಸಾಲವು ಮೈಸೂರಿಗೆ ಭಾರವಾದುದು ನಿಜ. ಆದರೆ ಆ ಸಾಲ ಮಾಡಿದುದು ತಪ್ಪಾಗಿರಲಿಲ್ಲ. ಇನ್ನೂ ಬೇಗ, ಇನ್ನೂ ಧಾರಾಳವಾಗಿ ಮಾಡಿದ್ದರೆ ಉಳಿಯುತ್ತಿದ್ದ ಜೀವಗಳು ಹೆಚ್ಚಾಗುತ್ತಿದ್ದುವೆಂದೇ ನಾವು ಹೇಳಬೇಕಾಗಿದೆ. ಹಗೇವು ಇರುವುದು ತೆರೆಯುವುದಕ್ಕಾಗಿ. ಬರಗಾಲದಲ್ಲಿ ಹಗೇವನ್ನು ಮುಚ್ಚಿಟ್ಟು ಮಕ್ಕಳನ್ನು ಉಪವಾಸ ಕೆಡಹುವವನನ್ನು ಯಾವ ಊರಿನವರೂ ಮಿತವ್ಯಯಿಯೆಂದು ಕರೆಯುವುದಿಲ್ಲ. ಹಾಗೆ ನೋಡಿದರೆ ಆಗಿನ ಅಧಿಕಾರಿಗಳು ಗೃಹಸ್ಥನಿಂದ ಕಲಿತುದು ಹೆಚ್ಚಾಗಲಿಲ್ಲ, ಕಡಿಮೆಯಾಯಿತು.

4. ಸಾಲದೊಡನೆ ಬಂದ ರಾಜ್ಯ

1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರವು ಹಸ್ತಾಂತರವಾಯಿತು. ಅವರಿಗೆ ದೊರೆತುದು ಸಿಂಹಾಸನ ಮಾತ್ರವಲ್ಲ, ಸಾಲದ ಪತ್ರವೂ ಹೌದು. ಆಗ ಸಂಸ್ಥಾನದ ವಾರ್ಷಿಕ ಆದಾಯವು ಒಂದು ಕೋಟಿ ರೂಪಾಯಿಗಳ ಆಸುಪಾಸಿನಲ್ಲಿತ್ತು. ಎಂದರೆ ವರ್ಷದ ಆದಾಯದ ಐದನೆಯ ನಾಲ್ಕು ಭಾಗದಷ್ಟು ಸಾಲ. ಜೊತೆಗೆ ಆದಾಯದ ಸುಮಾರು ನಾಲ್ಕನೆಯ ಒಂದು ಭಾಗವನ್ನು ನುಂಗುವ ಪೊಗದಿ. ಸಾಲದೆಂಬಂತೆ ಹಸ್ತಾಂತರ ಪತ್ರವು ಪೊಗದಿಯನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಿತು. ಕ್ಷಾಮದ ಕಾರಣದಿಂದ ಹೆಚ್ಚಳದ 10½ ಲಕ್ಷವನ್ನು ಮೊದಲು ಐದು ವರ್ಷ, ಆಮೇಲೆ 1896ರವರೆಗೆ ಮುಂದೂಡಲಾಯಿತು. ಸಾಲವನ್ನು ಮಾಡಿದುದು ಬ್ರಿಟಿಷ್ ಕಮಿಷನ್ನಿನ ಆಡಳಿತ. ಸಾಲ ಕೊಟ್ಟುದು ಅದೇ ಬ್ರಿಟಿಷರ ಭಾರತ ಸರ್ಕಾರ. ತೀರಿಸಬೇಕಾದುದು ಮೈಸೂರಿನ ರೈತ. ಸಾಲವನ್ನು ತೀರಿಸುವವರಿಗೆ ಅದರ ವಿಷಯ ತಿಳಿದಿರಬೇಕೆಂಬ ಮನೆಯ ಮೂರನೆಯ ನಿಯಮವು ಇಲ್ಲಿ ಸಂಪೂರ್ಣವಾಗಿ ಭಂಗವಾಗಿತ್ತು.

ಈ ದೃಷ್ಟಿಯಿಂದ ದಿವಾನ ರಂಗಾಚಾರ್ಲು ಅವರ ಎರಡು ವರ್ಷಗಳ ಅಲ್ಪಾವಧಿಯ ಆಡಳಿತವು ವಿಶೇಷ ಅಧ್ಯಯನಕ್ಕೆ ಅರ್ಹವಾಗಿದೆ. ಅವರು ಏಕಕಾಲದಲ್ಲಿ ಮೂರು ಕಾರ್ಯಗಳನ್ನು ಕೈಗೊಂಡರು. ಮೊದಲನೆಯದಾಗಿ ಆಡಳಿತದ ವೆಚ್ಚವನ್ನು ಕಡಿತಗೊಳಿಸಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳು ಜಿಲ್ಲೆಗಳಾಗಿ ಉಳಿಯದೆ ನೆರೆಯ ಜಿಲ್ಲೆಗಳಲ್ಲಿ ಉಪವಿಭಾಗಗಳಾದುವು. ಈ ಕಡಿತವು ಆಡಳಿತಕ್ಕೆ ಅನನುಕೂಲವೆಂದು ಕಂಡುಬಂದು 1886ರಲ್ಲಿ ಎರಡು ಜಿಲ್ಲೆಗಳೂ ಮತ್ತೆ ಸ್ಥಾಪಿತವಾದುವೆಂಬುದನ್ನು ಮಿತವ್ಯಯದ ಪಕ್ಷಪಾತಿಗಳು ಗಮನಿಸಬೇಕು. ಎರಡನೆಯದಾಗಿ, ಸಾಲವಿದ್ದರೂ ಅವರು ರೈಲುಮಾರ್ಗವನ್ನು ನಿಲ್ಲಿಸಲಿಲ್ಲ. ಬರದ ವರ್ಷಗಳಲ್ಲಿ ಪರಿಹಾರಕಾರ್ಯವಾಗಿ ಮಣ್ಣು ಹೊತ್ತ ಕೈಗಳಿಂದ ಮೊದಲಾದ ಬೆಂಗಳೂರು ಮೈಸೂರು ಮಾರ್ಗವು 1882ರಲ್ಲಿ ಪೂರ್ಣಗೊಂಡಿತು. ಕ್ಷಾಮದ ಪಾಠವೇ ಇದಕ್ಕೆ ಪ್ರೇರಣೆ. ಧಾನ್ಯವಿರುವ ಸೀಮೆಯಿಂದ ಇಲ್ಲದ ಸೀಮೆಗೆ ಅದನ್ನು ಸಾಗಿಸಲು ಬಂಡಿಯ ಎತ್ತುಗಳೇ ಮೇವಿಲ್ಲದೆ ಬಿದ್ದಿದ್ದ ದೃಶ್ಯ ಎಲ್ಲರ ಕಣ್ಣ ಮುಂದಿತ್ತು. ಮೂರನೆಯದಾಗಿ, 1881ರ ಅಕ್ಟೋಬರಿನಲ್ಲಿ ದಸರೆಯ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 144 ಮಂದಿ ಸದಸ್ಯರಿದ್ದ ಆ ಸಭೆಗೆ ಆಯವ್ಯಯವನ್ನು ನಿರ್ಣಯಿಸುವ ಅಧಿಕಾರವಿರಲಿಲ್ಲ. ಸದಸ್ಯರು ಆಗ ಚುನಾಯಿತರೂ ಆಗಿರಲಿಲ್ಲ. ಆದರೂ ಸಂಸ್ಥಾನದ ಆದಾಯವೆಷ್ಟು, ವೆಚ್ಚವೆಷ್ಟು, ಮುಂದಿನ ಯೋಜನೆಗಳಾವುವು ಎಂಬುದನ್ನು ದಿವಾನನು ರೈತರ ಮತ್ತು ವರ್ತಕರ ಮುಂದೆ ನಿಂತು ಹೇಳುವ ಸಂಪ್ರದಾಯವು ಅಂದು ಪ್ರಾರಂಭವಾಯಿತು. ಪೂರ್ಣಯ್ಯನವರ ನಿಧಿಗೆ ಇಲ್ಲದಿದ್ದ ರಕ್ಷಣೆಯ ಬೀಜ ಇಲ್ಲಿದೆ. ಹಣದ ಪೆಟ್ಟಿಗೆಗೆ ಬೀಗಕ್ಕಿಂತ ಅದನ್ನು ನೋಡುವ ಕಣ್ಣುಗಳೇ ಹೆಚ್ಚಿನ ಕಾವಲು.

5. ಎತ್ತಿನ ಸಾಲ

1883ರಿಂದ 1901ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಹಣಕಾಸನ್ನು ಭದ್ರಪಡಿಸಿದುದಲ್ಲದೆ ಸಾಲದ ಅರ್ಥವನ್ನೇ ಬದಲಾಯಿಸಿದರೆನ್ನಬಹುದು. ರೈಲುಮಾರ್ಗಗಳು ವಿಸ್ತಾರವಾದುವು; ಕೆರೆಕಟ್ಟೆಗಳ ಕೆಲಸ ಮುಂದುವರಿಯಿತು. ಕೋಲಾರದ ಚಿನ್ನದ ಗಣಿಗಳಿಂದ ಬಂದ ರಾಜಧನವು ಬೊಕ್ಕಸಕ್ಕೆ ಹೊಸ ಬಲವನ್ನು ಕೊಟ್ಟಿತು. ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸಲು ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯು 1902ರಲ್ಲಿ ಕಾರ್ಯಾರಂಭ ಮಾಡಿತು. ಸುಮಾರು 92 ಮೈಲಿಗಳ ದೂರ ತಂತಿಯ ಮೂಲಕ ಹರಿದ ಆ ಶಕ್ತಿಯು ಸಂಸ್ಥಾನಕ್ಕೆ ನಿಯತವಾದ ಆದಾಯವನ್ನು ತಂದಿತು. ಇಲ್ಲಿ ನಾವು ಮನೆಯ ಎರಡನೆಯ ನಿಯಮವನ್ನು ಕಾಣುತ್ತೇವೆ. ಎತ್ತಿಗಾಗಿ ತಂದ ಹಣವನ್ನು ಎತ್ತೇ ದುಡಿದು ತೀರಿಸುತ್ತದೆ.

ಚಿನ್ನದ ರಾಜಧನದ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಗಣಿಯ ಆದಾಯವು ಬೆಳೆಯ ಆದಾಯದಂತಲ್ಲ. ಭೂಮಿಯಿಂದ ಒಮ್ಮೆ ತೆಗೆದ ಚಿನ್ನವು ಮತ್ತೆ ಬೆಳೆಯುವುದಿಲ್ಲ. ಅದನ್ನು ದೈನಂದಿನ ವೆಚ್ಚಕ್ಕೆ ಬಳಸುವುದು ಬಿತ್ತನೆಯ ಬೀಜವನ್ನು ತಿಂದಂತೆ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದುವು. ಆದರೆ ಆ ಗಣಿಗಳಿಗಾಗಿಯೇ ಮೊದಲು ಹುಟ್ಟಿದ ವಿದ್ಯುದ್ವ್ಯವಸ್ಥೆಯು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿ, ಅನಂತರ ನಾಡಿನ ಕೈಗಾರಿಕೆಗಳಿಗೆ ಆಧಾರವಾಗಿ ಬೆಳೆಯಿತು. ತೀರಿಹೋಗುವ ಸಂಪತ್ತನ್ನು ತೀರದ ಸಂಪತ್ತಾಗಿ ಮಾರ್ಪಡಿಸುವುದೇ ಇಂತಹ ಆದಾಯದ ಸದ್ವಿನಿಯೋಗ.

ಕೃಷ್ಣರಾಜಸಾಗರದ ಅಣೆಕಟ್ಟಿನ ಕೆಲಸವು 1911ರಲ್ಲಿ ಪ್ರಾರಂಭವಾಯಿತು. ಮುಖ್ಯ ಇಂಜಿನಿಯರಾಗಿ ಈ ಯೋಜನೆಯನ್ನು ಪ್ರತಿಪಾದಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಸಣ್ಣ ಸಂಸ್ಥಾನವೊಂದು ಇಷ್ಟು ದೊಡ್ಡ ವೆಚ್ಚವನ್ನು ಹೊರಬಲ್ಲುದೇ ಎಂಬ ಸಂದೇಹವು ಅಂದಿನ ಹಣಕಾಸಿನ ಅಧಿಕಾರಿಗಳಿಗೆ ಇದ್ದುದು ಸ್ವಾಭಾವಿಕವೇ. ಅಣೆಕಟ್ಟು ಪೂರ್ಣವಾಗಲು ಎರಡು ದಶಕಗಳು ಹಿಡಿದುವು. ಆದರೆ ಶಿವನಸಮುದ್ರದ ವಿದ್ಯುತ್ತಿಗೆ ಬೇಸಗೆಯಲ್ಲಿಯೂ ನೀರು ದೊರೆಯಿತು. ಇಂದು ವಿಶ್ವೇಶ್ವರಯ್ಯ ನಾಲೆಯೆಂದು ಕರೆಯುವ ಕಾಲುವೆಯಿಂದ ಮಂಡ್ಯದ ಸೀಮೆಯಲ್ಲಿ ಲಕ್ಷಕ್ಕೂ ಮಿಕ್ಕ ಎಕರೆ ನೆಲಕ್ಕೆ ನೀರು ಹರಿಯಿತು. 1933ರಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಧಾತು ಈಶ್ವರದಲ್ಲಿ ಒಣಗಿದ್ದ ನೆಲವೇ ಕಬ್ಬು ಬತ್ತಗಳ ನೆಲವಾಯಿತು. ಇದನ್ನು ಸಾಲದ ಲೆಕ್ಕದ ಪುಸ್ತಕದಲ್ಲಿ ಕೇವಲ ವೆಚ್ಚವೆಂದು ಬರೆಯುವುದು ಸರಿಯಾದ ಲೆಕ್ಕವಾಗಲಾರದು.

ಆದರೆ ಬಂಡವಾಳವೆಂಬ ಹೆಸರಿನಲ್ಲಿ ಮಾಡಿದ ವೆಚ್ಚವೆಲ್ಲವೂ ಎತ್ತಿನಂತೆ ದುಡಿಯುವುದೆಂದು ನಂಬುವಂತಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಯು 1918ರಲ್ಲಿ ರೂಪುಗೊಂಡು 1923ರಲ್ಲಿ ಉತ್ಪಾದನೆ ಪ್ರಾರಂಭವಾಗುವ ವೇಳೆಗೆ ಯುದ್ಧಕಾಲದ ಏರುಬೆಲೆ ಕುಸಿದಿತ್ತು. ಪ್ರಾರಂಭದ ವರ್ಷಗಳಲ್ಲಿ ಕಾರ್ಖಾನೆಯು ನಷ್ಟವನ್ನೇ ಕಂಡು, ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನೇ ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಗೆ ಕರೆಯಬೇಕಾಯಿತು. ಕೊಂಡ ಎತ್ತು ಕೆಲವೊಮ್ಮೆ ಕುಂಟಬಹುದು. ಆದುದರಿಂದ ಸಾಲದ ಉದ್ದೇಶವು ಒಳ್ಳೆಯದೆಂಬುದು ಸಾಲದು. ಬೆಲೆ, ಕಾಲ, ನಿರ್ವಹಣೆ ಇವುಗಳ ಪರೀಕ್ಷೆಯೂ ಅವಶ್ಯಕ.

ಸರ್ಕಾರದ ಋಣದ ಚರ್ಚೆಯಲ್ಲಿ ರೈತನ ಋಣವನ್ನು ಮರೆಯಬಾರದು. ಬೊಕ್ಕಸವು ತುಂಬಿದ್ದು ಹಳ್ಳಿಯ ಮನೆಗಳು ಸಾಹುಕಾರನ ಕೈಯಲ್ಲಿದ್ದರೆ ಆ ನಾಡು ಸುಭದ್ರವೆನ್ನಲಾಗದು. ಶೇಷಾದ್ರಿ ಅಯ್ಯರ್ ಅವರು 1894ರಲ್ಲಿ ಕೃಷಿ ಬ್ಯಾಂಕುಗಳ ಪ್ರಯೋಗವನ್ನು ನಡೆಸಿದರು. 1905ರಲ್ಲಿ ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘವು ಹುಟ್ಟಿತು. ಅದೇ ವರ್ಷ ಮೈಸೂರಿನಲ್ಲಿಯೂ ಸಹಕಾರ ಸಂಘಗಳ ಕಾಯಿದೆ ಬಂದಿತು. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆಯು ಈ ಸಂಘಗಳಲ್ಲಿ ಕಾನೂನಿನ ರೂಪವನ್ನು ಪಡೆಯಿತೆನ್ನಬಹುದು. ಒಂಟಿಯಾಗಿ ನಿಲ್ಲಲಾರದ ಉಳಿತಾಯಗಳು ಕೂಡಿ ನಿಂತುವು.

6. ಸಾಮ್ಯವೂ ಭೇದವೂ

ಈ ಚರಿತ್ರೆಯಿಂದ ಗೃಹಸ್ಥನಿಗೂ ಸರ್ಕಾರಕ್ಕೂ ಇರುವ ಭೇದಗಳನ್ನು ನಾವು ಹೀಗೆ ಸಂಗ್ರಹಿಸಬಹುದು. ಗೃಹಸ್ಥನು ಸಾಯುತ್ತಾನೆ, ರಾಜ್ಯವು ಉಳಿಯುತ್ತದೆ. ಆದುದರಿಂದ ಮೂವತ್ತು ನಲವತ್ತು ವರ್ಷ ಫಲ ಕೊಡುವ ಕಾರ್ಯಕ್ಕೆ ಅಷ್ಟು ಕಾಲ ತೀರುವ ಸಾಲವನ್ನು ರಾಜ್ಯವು ಮಾಡಬಹುದು. ಗೃಹಸ್ಥನ ಖರ್ಚು ಅವನ ಆದಾಯವನ್ನು ಹೆಚ್ಚಿಸುವುದಿಲ್ಲ. ಸರ್ಕಾರದ ವೆಚ್ಚವು ಪ್ರಜೆಗಳ ಆದಾಯವಾಗಿ, ಅದರಲ್ಲಿ ಒಂದಂಶವು ತೆರಿಗೆಯಾಗಿ ಹಿಂದಿರುಗುತ್ತದೆ. ಗೃಹಸ್ಥನು ನೆರೆಯವನ ಮೇಲೆ ತೆರಿಗೆ ಹಾಕಲಾರ. ಸರ್ಕಾರಕ್ಕೆ ಆ ಅಧಿಕಾರವಿದೆ. ಷರತ್ತಿನ ಪದ್ಧತಿಯ ಕಾಲದಲ್ಲಿ ಕಂಡಂತೆ ಈ ಅಧಿಕಾರವೇ ಅಪಾಯಕರವಾದುದು. ತನ್ನ ದುಂದುಗಾರಿಕೆಯನ್ನು ಇತರರ ತಲೆಗೆ ಕಟ್ಟುವ ಅವಕಾಶ ಗೃಹಸ್ಥನಿಗಿಲ್ಲ, ಸರ್ಕಾರಕ್ಕಿದೆ.

ಎಲ್ಲ ಸರ್ಕಾರಗಳೂ ಈ ವಿಷಯದಲ್ಲಿ ಸಮಾನವಲ್ಲವೆಂಬುದನ್ನೂ ಗಮನಿಸಬೇಕು. ತನ್ನದೇ ನಾಣ್ಯವುಳ್ಳ, ತನ್ನ ಪ್ರಜೆಗಳಿಂದಲೇ ಸಾಲ ಪಡೆಯಬಲ್ಲ ಸ್ವತಂತ್ರ ರಾಷ್ಟ್ರವು ಗೃಹಸ್ಥನಿಂದ ಬಹಳ ದೂರದಲ್ಲಿದೆ. ಮೈಸೂರು ಹಾಗಿರಲಿಲ್ಲ. 1881ರ ಹಸ್ತಾಂತರ ಪತ್ರವು ಭಾರತ ಸರ್ಕಾರದ ನಾಣ್ಯವೇ ಸಂಸ್ಥಾನದಲ್ಲಿ ಚಲಾವಣೆಯಾಗಬೇಕೆಂದೂ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಟಂಕಿಸಬಾರದೆಂದೂ ವಿಧಿಸಿತ್ತು. ಪೊಗದಿಯು ಹೊರಗೆ ಹೋಗುವ ಹಣ. ಅದು ಪ್ರಜೆಗಳ ಆದಾಯವಾಗಿ ಹಿಂದಿರುಗುತ್ತಿರಲಿಲ್ಲ. 1896ರಿಂದ ಸಲ್ಲುತ್ತಿದ್ದ ಹೆಚ್ಚಳದ 10½ ಲಕ್ಷವನ್ನು ಬಿಟ್ಟುಕೊಡುವ ನಿರ್ಧಾರವನ್ನು ಲಾರ್ಡ್ ಇರ್ವಿನ್ ಘೋಷಿಸಿದುದು 1927ರಲ್ಲಿ. ಹೀಗಾಗಿ ಮೈಸೂರು ಇಂಗ್ಲೆಂಡಿಗಿಂತ ಗೃಹಸ್ಥನಿಗೆ ಹೆಚ್ಚು ಸಮೀಪವಾಗಿತ್ತು. ಅದರ ದಿವಾನರು ಲೆಕ್ಕದಲ್ಲಿ ತೋರಿದ ಎಚ್ಚರಿಕೆಗೆ ಇದು ಕಾರಣ. ನಮ್ಮ ಗಣರಾಜ್ಯದ ಘಟಕ ರಾಜ್ಯಗಳ ಸ್ಥಿತಿಯೂ ಇದನ್ನು ಸ್ವಲ್ಪಮಟ್ಟಿಗೆ ಹೋಲುತ್ತದೆ. ಅವುಗಳಿಗೆ ಸ್ವಂತ ನಾಣ್ಯವಿಲ್ಲ. ಕೇಂದ್ರಕ್ಕೆ ತೀರಿಸಬೇಕಾದ ಸಾಲವಿರುವಾಗ ಹೊಸ ಸಾಲಕ್ಕೆ ಸಂವಿಧಾನದ 293ನೆಯ ವಿಧಿಯಂತೆ ಕೇಂದ್ರದ ಸಮ್ಮತಿ ಬೇಕು. 2002ರಲ್ಲಿ ಕರ್ನಾಟಕವು ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ಮಾಡಿ, ತನ್ನ ಕೊರತೆಗೆ ತಾನೇ ಮಿತಿಯನ್ನು ಹಾಕಿಕೊಂಡಿತು. ದೈನಂದಿನ ವೆಚ್ಚಕ್ಕಾಗಿ ಆಗುವ ಕೊರತೆಯನ್ನು ಒಟ್ಟು ಕೊರತೆಯಿಂದ ಬೇರೆಯಾಗಿ ನೋಡುವ ಅದರ ವಿವೇಕವು ಎತ್ತಿನ ಸಾಲಕ್ಕೂ ಮದುವೆಯ ಸಾಲಕ್ಕೂ ಇರುವ ಹಳೆಯ ಭೇದವೇ ಆಗಿದೆ.

7. ಉಪಸಂಹಾರ

ಸರ್ಕಾರವು ಗೃಹಸ್ಥನಿಂದ ಕಲಿಯಬೇಕೇ ಎಂಬ ಪ್ರಶ್ನೆಗೆ ಮೈಸೂರಿನ ಚರಿತ್ರೆಯು ಹೌದೆಂದೂ ಹೇಳುತ್ತದೆ, ಅಲ್ಲವೆಂದೂ ಹೇಳುತ್ತದೆ. ‘ಸಾಲ ಮಾಡಬೇಡ’ ಎಂಬ ಒಂದೇ ಮಾತನ್ನು ಕಲಿತರೆ ಸಾಲದು; 1877ರಲ್ಲಿ ಅಂತಹ ಅರೆಪಾಠದ ಬೆಲೆಯನ್ನು ತೆತ್ತವರು ಪರಿಹಾರದ ಶಿಬಿರಗಳಿಗೆ ನಡೆದುಹೋಗುತ್ತ ದಾರಿಯಲ್ಲಿ ಬಿದ್ದ ಜನ. ಕಲಿಯಬೇಕಾದುದು ಸಂಸಾರದ ಪೂರ್ಣಪಾಠವನ್ನು. ಸುಭಿಕ್ಷದಲ್ಲಿ ಕೂಡಿಡುವುದು, ದುರ್ಭಿಕ್ಷದಲ್ಲಿ ಹಿಂಜರಿಯದೆ ತೆರೆಯುವುದು, ಬೀಜವನ್ನು ತಿನ್ನದಿರುವುದು, ದುಡಿಯುವ ಎತ್ತಿಗೆ ಮಾತ್ರ ಸಾಲ ತರುವುದು, ಲೆಕ್ಕವನ್ನು ಮಕ್ಕಳ ಮುಂದೆ ಇಡುವುದು ಇವೆಲ್ಲವೂ ಕೂಡಿದರೆ ಮಾತ್ರ ಅದು ಮಿತವ್ಯಯ. ಪೂರ್ಣಯ್ಯನವರಲ್ಲಿ ಮೊದಲನೆಯದು ಇದ್ದು ಕೊನೆಯದು ಇರಲಿಲ್ಲ. ಅವರ ನಿಧಿಯು ಅವರೊಡನೆ ಹೋಯಿತು. ರಂಗಾಚಾರ್ಲು ಅವರ ಬೊಕ್ಕಸದಲ್ಲಿ ನಿಧಿಯಿರಲಿಲ್ಲ, ಸಾಲವಿತ್ತು. ಆದರೂ ಲೆಕ್ಕವನ್ನು ಪ್ರಜೆಗಳ ಮುಂದೆ ಇಡುವ ಪದ್ಧತಿಯನ್ನು ಅವರು ಬಿಟ್ಟುಹೋದರು. ಇವೆರಡರಲ್ಲಿ ಹೆಚ್ಚುಕಾಲ ಉಳಿದುದು 2 ಕೋಟಿಯ ನಿಧಿಯಲ್ಲ, ಆ ಪದ್ಧತಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮನನ ಮಾಡಬೇಕೆಂದು ನಾವು ಆಶಿಸುತ್ತೇವೆ.